ಖಾಲಿ ಬಿಟ್ಟ ಹೆಸರು

ಉಸ್ತಾದರ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಟೈಪ್ ಮಾಡುವಾಗ ಉಳಿದ ಬೆರಳೆಲ್ಲ ಕೀಲಿಗಳ ಮೇಲೆ ಓಡಾಡುತ್ತಿದ್ದರೆ ಅದೊಂದು ಮಾತ್ರ ಸೆಟೆದು ನಿಂತಿರುತ್ತಿತ್ತು. ಗಲ್ಫಿನ ಅಲ್ ಮುರಕ್ಕಬಾತ್ ಬಡಾವಣೆಯ ನಮ್ಮ ಟೈಪಿಂಗ್ ಸೆಂಟರಿನಲ್ಲಿ ವೀಸಾ ಅರ್ಜಿ ತುಂಬುವುದೇ ಕೆಲಸ. ವಿಜಯಪುರದಿಂದ ಬಂದ ನನಗೆ ಅರಬ್ಬಿ ಅಕ್ಷರ ತಿದ್ದಿಸಿದವರು ಈ ಸುಡಾನಿ ಮುದುಕರು. ಅವರ ಹಿಂದಿಯೋ ದೇವರಿಗೇ ಪ್ರೀತಿ. ಮೊದಲ ದಿನವೇ ಗದರಿದ್ದರು: "ಖಾನೆ ಖಾಲಿ ಬಿಟ್ಟರೆ ಅರ್ಜಿ ವಾಪಸ್! ಯಲ್ಲಾ, ತುಂಬು!"

ಗಿರಾಕಿ ಇಲ್ಲದಾಗ ತಮ್ಮ ಕವಿತೆ ಹೇಳುತ್ತಿದ್ದರು. ಕಾಗದಕ್ಕೆ ಇಳಿಸಿದವರಲ್ಲ, ಎಲ್ಲ ಬಾಯಲ್ಲೇ. ಹಳೆಯ ಸೂಫಿಗಳು ದೇವರನ್ನು ಹುಡುಕುತ್ತಿದ್ದ ಮಧುಶಾಲೆ ಇವರಲ್ಲಿ ಮೆಟ್ರೋ ಬೋಗಿ, ವೀಸಾ ಸಾಲು ಆಗಿರುತ್ತಿತ್ತು. "ಲಿಫ್ಟಿನ ಕನ್ನಡಿಯಲ್ಲಿ ನನ್ನ ಮುಖ ಹುಡುಕಿದೆ, ನೀನಿದ್ದೆ" ಎಂಬ ಸಾಲಿಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದರ ಕೊನೆಗೆ, ಹೆಸರು ಹಿಡಿದು ಕರೆಯಬೇಕಾದ ಕಡೆ, ಉಸಿರು ಬಿಗಿಹಿಡಿದು ಸುಮ್ಮನಾಗುತ್ತಿದ್ದರು. ಯಾರನ್ನು ಕರೆಯುತ್ತೀರಿ ಎಂದರೆ "ಹೆಸರು ಮಾಫಿ, ಹೆಸರೇ ಇಲ್ಲ" ಎಂದು ನಗುತ್ತಿದ್ದರು.

ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಕವಿಗೋಷ್ಠಿಯೊಂದರಿಂದ ಕರೆ ಬಂತು, ಕವಿತೆಯ ಪ್ರತಿ ಕೇಳಿದರು. ಉಸ್ತಾದರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅವರು ಆ ಲಿಫ್ಟಿನ ಕವಿತೆ ಹೇಳಿದರು, ನಾನು ಟೈಪ್ ಮಾಡಿದೆ. "ಇಲ್ಲಿ ಜಾಗ ಬಿಡು" ಎಂದರು, ಬಿಟ್ಟೆ. ಪ್ರಿಂಟ್ ಕೊಡುವಾಗ ಆ ಖಾಲಿ ಜಾಗ ನೋಡಿ ಕೈ ಸುಮ್ಮನಿರಲಿಲ್ಲ. ತೀರಿಹೋದ ಹೆಂಡತಿಯ ಹೆಸರು ದುಃಖಕ್ಕೆ ಉಸ್ತಾದರ ಬಾಯಿಗೆ ಬರುತ್ತಿಲ್ಲ, ಪಾಪ, ಎಂದುಕೊಂಡೆ. ಅವರ ಅರ್ಜಿಗಳಲ್ಲಿ ಎಷ್ಟೋ ಸಲ ತುಂಬಿದ್ದ ಹೆಸರು. ಇಲ್ಲಿಯೂ ತುಂಬಿದೆ.

ಅವರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದರು. "ತೆರೆದಿಟ್ಟ ಬಾಗಿಲು ಯಾಕೆ ಹಾಕಿದೆ?" ಎಂದರು. ಅಳಿಸಿಕೊಡುತ್ತೇನೆ ಎಂದೆ.

"ಖಲಾಸ್. ಇನ್ನು ಅಲ್ಲಿ ಅವಳೊಬ್ಬಳೇ ಕಾಣುತ್ತಾಳೆ."

ಗೋಷ್ಠಿಗೆ ಹೋಗಲಿಲ್ಲ. ಮತ್ತೆ ಒಂದು ಕವಿತೆಯನ್ನೂ ಹೇಳಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ, "ಹೆಂಡ್ತಿ ಹೆಸರ ಹಾಕಿದ್ರ ಅದ್ರಾಗ ಏನ್ ತಪ್ಪೈತ್ರೀ? ಸಿಟ್ಟ ಇಳೀತೈತಿ ಬಿಡ್ರಿ" ಎಂದಳು. ಸಿಟ್ಟಾಗಿದ್ದರೆ ನಾನು ಬಚಾವಾಗುತ್ತಿದ್ದೆ. ಅವರು ಎಂದಿನಂತೆ ಬಂದು ಅರ್ಜಿ ತುಂಬಿ ಹೋಗುತ್ತಿದ್ದರು.

ಮೂರು ತಿಂಗಳಿಗೆ ತೀರಿಕೊಂಡರು. ಖಲೀಫಾ ಸಿಟಿಯಲ್ಲಿರುವ ಅವರ ಮಗಳ ಮನೆಗೆ ಹೋಗಿ ಗಂಡಸರ ನಡುವೆ ಕುಳಿತೆ. ಒಳಕೋಣೆಯಲ್ಲಿ ಮಗಳು ಹೆಂಗಸರಿಗೆ ಏನೋ ಓದುತ್ತಿದ್ದಳು. ಅದೇ ಕವಿತೆ. ಅವರು ಉಸಿರು ಹಿಡಿಯುತ್ತಿದ್ದ ಕಡೆ ಅವಳು ತಾಯಿಯ ಹೆಸರನ್ನು ಗಟ್ಟಿಯಾಗಿ ಕೂಗಿದಳು. ಒಳಗೆ ಎಲ್ಲರೂ ಬಿಕ್ಕಿದರು.

ಹೊರಡುವಾಗ ಅವಳು ಬಾಗಿಲವರೆಗೆ ಬಂದಳು. "ಅಪ್ಪನ ಪಾಸ್‌ಪೋರ್ಟಿನೊಳಗೆ ಈ ಹಾಳೆ ಸಿಕ್ಕಿತು, ಭಾಯ್. ಅಮ್ಮ ಹೋದ ಮೇಲೆ ಅಪ್ಪ ಆ ಹೆಸರೇ ಎತ್ತಿರಲಿಲ್ಲ. ಕೊನೆಗೂ ಬರೆದರಲ್ಲ, ನನಗಷ್ಟು ಸಾಕು" ಎಂದಳು. ನಿಜ ಹೇಳಲೆಂದೇ ಬಾಯಿ ತೆರೆದೆ. ಅವಳ ಮುಖ ನೋಡಿ "ಹೌದು ತಂಗಿ" ಎಂದುಬಿಟ್ಟೆ.

ಉಸ್ತಾದರು ಆ ಮೌನದಲ್ಲಿ ಯಾರನ್ನು ಕರೆಯುತ್ತಿದ್ದರೋ, ಅವರಿಗೆ ಆ ಕವಿತೆ ಇನ್ನು ತಲುಪುವುದಿಲ್ಲ. ತಡೆದವನು ನಾನು.