ಹುಲಿಗೆಮ್ಮನ ಎಮ್ಮೆಯ ವರದಿ

ಇವತ್ತು ಬೆಳಿಗ್ಗೆ ರಾಯಚೂರಿನ ನಮ್ಮ ಪ್ರಯೋಗಾಲಯದಲ್ಲಿ ಕರೆಂಟು ಕೈಕೊಟ್ಟು, ಹಳೆಯ ಫ್ರೀಜರಿನಿಂದ ಸಗಣಿಯ ವಾಸನೆ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನಾನು ಒಳಗಿನ ಸಗಣಿ ಡಬ್ಬಿಗಳನ್ನು ಒಂದೊಂದಾಗಿ ಹೊರತೆಗೆದೆ. ಒದ್ದೆಯಾದ ಡಬ್ಬಿಯೊಂದರ ಮೇಲೆ ನನ್ನದೇ ಕೋಳಿಗಾಲಿನ ಅಕ್ಷರ: ‘ದೇವದುರ್ಗ, ಹುಲಿಗೆಮ್ಮ, ದೊಡ್ಡ ಎಮ್ಮೆ.’

ಬಿಸಿಲಿಗೆ, ಗಾಬರಿಗೆ ಎಮ್ಮೆಯ ಮೈಯಲ್ಲಿ ಏರುವ ಹಾರ್ಮೋನು ಗರ್ಭ ನಿಲ್ಲದಂತೆ ಮಾಡುತ್ತದೆಯೇ ಎಂದು ಹುಡುಕುವುದು ನನ್ನ ಕೆಲಸ. ಸೂಜಿ ಚುಚ್ಚಿದರೆ ಅವು ಇನ್ನಷ್ಟು ಬೆದರುತ್ತವೆ. ಸಗಣಿಯಲ್ಲಾದರೆ ಒತ್ತಡದ್ದೂ ಗರ್ಭದ್ದೂ ಎರಡೂ ಸುಳಿವು ಸಿಗುತ್ತವೆ. ಮಾನ್ವಿಯಲ್ಲೋ ದೇವದುರ್ಗದಲ್ಲೋ ಬಸ್ಸಿಳಿದರೆ ಸಾಕು, “ಸಗಣಿ ಸಾಹೇಬ್ರು ಬಂದ್ರು” ಎಂದು ಜನ ನಗುತ್ತಿದ್ದರು. ಪ್ರಾಣಿಗಳ ಒತ್ತಡ ಅಳೆಯುವ ಈ ಪುಣ್ಯಾತ್ಮನಿಗೆ ಐದು ನಿಮಿಷ ಒಂದು ಕಡೆ ಕೂರಲಾಗದು. ಕೂತರೆ ಕಾಲು ಕುಣಿಯುತ್ತದೆ, ನಿಂತರೆ ಗಡಿಯಾರ ನೋಡುತ್ತೇನೆ.

ಹುಲಿಗೆಮ್ಮ ಎರಡು ಎಮ್ಮೆ ಕಟ್ಟಿ ಹಾಲು ಮಾರುವವರು. ಮೂರು ವರ್ಷದ ಹಿಂದೆ ದೊಡ್ಡದಕ್ಕೆ ಮೂರು ಸಲ ಕೋಣ ಕೂಡಿಸಿದರೂ ಗಬ್ಬ ನಿಂತಿರಲಿಲ್ಲ. ನಾಲ್ಕನೆಯ ಸಲದ್ದು ತಿಳಿಯುವ ಮೊದಲೇ ಮಾನ್ವಿ ಕಡೆಯವರು ಕೊಳ್ಳಲು ಬಂದರು. ಕೈಹಾಕಿ ಗಬ್ಬ ನೋಡಲು ಇನ್ನೂ ದಿನ ತುಂಬಿಲ್ಲವೆಂದು ದನದ ಡಾಕ್ಟರು ಹೇಳಿದ್ದರು. ನಾನು ಅದರ ಸಗಣಿಯನ್ನು ಬೇರೆ ಬೇರೆ ದಿನ ಮೂರು ಡಬ್ಬಿಗೆ ತುಂಬಿಕೊಂಡಿದ್ದೆ.

“ಯಪ್ಪಾ, ನಿನ್ನ ಡಬ್ಬಿ ಏನು ಹೇಳ್ತದ? ನಿಂತದ ಅಂದ್ರ ಇಟ್ಕೋತೀನಿ, ಇಲ್ಲಾಂದ್ರ ಕೊಟ್ಟುಬಿಡ್ತೀನಿ. ಕೈಯಾರೆ ಬೆಳೆಸಿದ್ದದು.”

“ಎಂಟು ದಿನ ತಡೀರಿ ಯವ್ವಾ.”

ಎಂಟು ದಿನ ಸಾಕಿತ್ತು. ಆದರೆ ಪರೀಕ್ಷೆಯ ತಟ್ಟೆಯ ತುಂಬ ಸಾಲುಸಾಲು ಕುಳಿಗಳು, ಕುಳಿಗೊಂದು ಮಾದರಿ; ಒಮ್ಮೆ ಬಳಸಿದರೆ ತಟ್ಟೆ ಮುಗಿಯಿತು. ಕೆಲವನ್ನು ಖಾಲಿ ಬಿಡುವುದೆಂದರೆ ನನಗೆ ಅನ್ನ ಚೆಲ್ಲಿದಷ್ಟು ಸಂಕಟ. ತಟ್ಟೆ ತುಂಬಲೆಂದು ಸಿರವಾರ, ಪೋತ್ನಾಳ ಸುತ್ತಿ ಇನ್ನಷ್ಟು ಸಗಣಿ ತಂದೆ. ಎಲ್ಲದಕ್ಕೂ ಅವಸರಪಡುವ ನಾನು ಅದೊಂದಕ್ಕೆ ಮಾತ್ರ ತಿಂಗಳು ಕಾದೆ. ಹುಲಿಗೆಮ್ಮನ ಮೂರೂ ಡಬ್ಬಿಗಳಲ್ಲಿ ಗರ್ಭದ ಹಾರ್ಮೋನು ಇಳಿದಿರಲೇ ಇಲ್ಲ. ಎಮ್ಮೆ ಗಬ್ಬವಾಗಿತ್ತು. ಓಡಿಹೋಗಿ ನೋಡಿದರೆ ದೊಡ್ಡದರ ಗೂಟ ಬರಿದು.

“ಹದಿನೈದು ದಿನ ಕಾದು ಕೊಟ್ಟೆ ಯಪ್ಪಾ. ಡಬ್ಬಿದು ಏನು ಬಂತು?”

“ಇನ್ನೂ ಬಂದಿಲ್ರೀ ಯವ್ವಾ.”

ಆ ಸುಳ್ಳು ನಾಲಿಗೆಗೆ ಎಲ್ಲಿಂದ ಬಂತೋ. ಮೂರು ವರ್ಷ, ಹೋದಾಗಲೆಲ್ಲ ಅವರು ಕೇಳಿದರು, ನಾನು ಅದನ್ನೇ ಹೇಳಿದೆ. ಹೇಳಿದ ಪ್ರತಿಸಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಇವತ್ತು ಆ ಡಬ್ಬಿ ತೊಳೆಯಲು ಕೈ ಬರಲಿಲ್ಲ. ಸಿಕ್ಕ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ. ನಿಂತಲ್ಲೇ ಹೇಳಿದೆ, “ಯವ್ವಾ, ಆ ಎಮ್ಮಿ ಗಬ್ಬಿತ್ತು. ತಡ ಮಾಡಿದ್ದೂ ನಾನು, ಸುಳ್ಳು ಹೇಳಿದ್ದೂ ನಾನು.”

ಮೇವು ಹಾಕುತ್ತಿದ್ದ ಅವರ ಕೈ ನಿಲ್ಲಲಿಲ್ಲ. “ಗೊತ್ತದ. ಆ ವರ್ಷನ ಮಾನ್ವಿಗೆ ಹೋಗಿ ನೋಡಿ ಬಂದೀನಿ. ಹೆಣ್ಣು ಕರ ಹಾಕಿತ್ತು.”

“ಗೊತ್ತಿದ್ದೂ ಯಾಕ ಕೇಳ್ತಿದ್ರಿ?”

“ನೀ ಎಂದು ಹೇಳ್ತೀಯೋ ನೋಡಬೇಕಿತ್ತು.”

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಉಳಿದ ಎಮ್ಮೆಯ ಬೆನ್ನು ಸವರಿದರು. “ಇದನ್ನೂ ಕೇಳಾಕತ್ತಾರ. ಇದರ ಡಬ್ಬಿ ಒಯ್ದು ತಿಂಗಳಾತು. ಇದರದು ಎಂದು ಹೇಳ್ತಿ?”

ಆ ಡಬ್ಬಿಗಳೂ, ಕರೆಂಟು ಹೋದರೂ ತಣ್ಣಗೇ ಉಳಿದಿದ್ದ ಹೊಸ ಫ್ರೀಜರಿನಲ್ಲಿ ತಟ್ಟೆ ತುಂಬಲೆಂದೇ ಕಾಯುತ್ತಿದ್ದವು.

“ನಾಳಿ” ಎಂದೆ.

“ಹಂಗಾದ್ರ ಇಲ್ಲಿ ಯಾಕ ನಿಂತೀ? ಹೋಗು, ಬಸ್ ಬರೋ ಹೊತ್ತಾತು.”