ಸಾಹೇಬರು ಬರೆದುಕೊಟ್ಟ ಪತ್ರ

ಹೋದ ವಾರ ಚಿಕ್ಕಬಳ್ಳಾಪುರದಲ್ಲಿ ಹಲ್ಲಿನ ಡಾಕ್ಟರಮ್ಮ ನನ್ನ ದವಡೆಗೆ ಲವಂಗದೆಣ್ಣೆ ಅದ್ದಿದ ಹತ್ತಿ ಒತ್ತಿದರು. ಹಲ್ಲು ಹೋಯಿತು, ವಾಸನೆ ಹೋಗಲಿಲ್ಲ. ಬಸ್ಸಿನಲ್ಲಿ ಮನೆ ಸೇರುವವರೆಗೂ ನಮ್ಮ ಕಾರ್ಖಾನೆಯ ಮೆಂಟೆನೆನ್ಸ್ ಇಂಜಿನಿಯರು ಪಕ್ಕದಲ್ಲೇ ಕೂತಂತಿತ್ತು. ಅವರ ಡ್ರಾಯರಿನಲ್ಲಿ ಸದಾ ಒಂದು ಲವಂಗದ ಡಬ್ಬಿ. ಅವರು ಮುಟ್ಟಿದ ಕಾಗದಕ್ಕೆಲ್ಲ ಅದೇ ಘಮ...

ಗೌರಿಬಿದನೂರಿನ ಹತ್ತಿರ ಪಂಪು ತಯಾರಿಸುವ ಕಾರ್ಖಾನೆ ಅದು. ನಾನು ಆಫೀಸಿನ ಗುಮಾಸ್ತ. ಅವರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದೆವು. ಶಿಡ್ಲಘಟ್ಟದ ರೇಷ್ಮೆ ಕೆಲಸದ ಮನೆತನ. ಮನೆಯಲ್ಲಿ ಉರ್ದು, ಕೆಲಸಗಾರರ ಹತ್ತಿರ ತೆಲುಗು, ಆಫೀಸಿನವರ ಹತ್ತಿರವೂ ಯಂತ್ರಗಳ ಹತ್ತಿರವೂ ಕನ್ನಡ. ಕೆಟ್ಟುನಿಂತ ಯಂತ್ರದ ಮೇಲೆ ಅಂಗೈ ಇಟ್ಟು "ಏನಪ್ಪಾ ನಿಂದು?" ಎಂದು ವಿಚಾರಿಸುವರು. ಅದು ಏನು ಹೇಳುತ್ತಿತ್ತೋ ಕಾಣೆ, ಬಿಚ್ಚಿ ನೋಡಿದರೆ ಕಾಯಿಲೆ ಅವರು ತೋರಿಸಿದಲ್ಲೇ ಇರುತ್ತಿತ್ತು.

ಅವರಿಗಿದ್ದ ಚಟ ಒಂದೇ, ಕೇಳಿದವರಿಗೆಲ್ಲ ಪತ್ರ ಬರೆದುಕೊಡುವುದು. ರಜಾ ಅರ್ಜಿಯಿಂದ ಹಿಡಿದು ಕ್ಯಾಂಟೀನಿನ ಸಾರು ನೀರಾಗಿದೆ ಎಂಬ ದೂರಿನವರೆಗೆ ಕಾರ್ಖಾನೆಯ ಸಕಲ ಸಾಹಿತ್ಯವೂ ಅವರದೇ. ಟೈಪು ಮಾಡುವ ಭಾಗ್ಯ ನನ್ನದು.

ಹೊಸ ಯಂತ್ರಗಳು ವಿದೇಶದಿಂದ ಬಂದವು. ನೋಡಿಕೊಳ್ಳಲು ಆ ದೇಶದ ಇಂಜಿನಿಯರುಗಳನ್ನೇ ವೀಸಾ ಕೊಡಿಸಿ ಕರೆಸುವುದೆಂದು ಬೆಂಗಳೂರಿನ ಹೆಡ್ ಆಫೀಸು ತೀರ್ಮಾನಿಸಿತು. ಅದಕ್ಕೆ ಸರ್ಕಾರಕ್ಕೊಂದು ಪತ್ರ ಬೇಕಿತ್ತು: ಈ ಕೆಲಸ ಬಲ್ಲವರು ನಮ್ಮಲ್ಲಿ ಯಾರೂ ಸಿಗುತ್ತಿಲ್ಲ ಎಂದು. ಬರೆಯುವವರು ಇನ್ಯಾರು? ಎಚ್.ಆರ್. ಮ್ಯಾನೇಜರು ನನ್ನನ್ನೂ ಕರೆದುಕೊಂಡು ಸಾಹೇಬರ ಮೇಜಿಗೆ ಹೋದರು.

ಬೇಕಾದ ಅರ್ಹತೆಗಳನ್ನೇ ಸಾಹೇಬರು ಎರಡು ಪುಟ ಬರೆದರು. ಸದ್ದು ಕೇಳಿ ದೋಷ ಹೇಳಬಲ್ಲವರಾಗಿರಬೇಕು, ಬಿಡಿಭಾಗ ಬರುವವರೆಗೂ ಉತ್ಪಾದನೆ ನಿಲ್ಲದಂತೆ ನೋಡಿಕೊಳ್ಳಬೇಕು, ಹೀಗೆ. ಒಳ್ಳೆಯ ಇಂಜಿನಿಯರು ಎಂದರೆ ಅವರಿಗೆ ಹತ್ತಿರದ ಪರಿಚಯವಿದ್ದದ್ದು ಒಬ್ಬರದೇ. ತಮ್ಮನ್ನೇ ಮಾದರಿಯಾಗಿಟ್ಟುಕೊಂಡರು. ಕೊನೆಯ ವಾಕ್ಯಕ್ಕೆ ಬಂದಾಗ ಪೆನ್ನು ನಿಂತಿತು.

"ಯಾರೂ ಇಲ್ಲ ಅಂತ ಹೆಂಗೆ ಬರೀಲಿ ಸಾರ್? ನಾನು ಇಲ್ಲೇ ಕೂತಿದ್ದೀನಲ್ಲ."

"ಬರೀರಿ ಸಾಹೇಬ್ರೇ, ಬರೀ ಫಾರ್ಮಾಲಿಟಿ. ನಿಮ್ಮ ಕುರ್ಚಿ ಯಾರೂ ಮುಟ್ಟಲ್ಲ, ನನ್ನ ಮಾತು."

ಬರೆದರು. ನಾನು ಟೈಪು ಮಾಡಿದೆ. ಮ್ಯಾನೇಜರು ಸಹಿ ಹಾಕಿದರು. ಸರ್ಕಾರವೂ ಮನಸೋತಿರಬೇಕು, ವೀಸಾ ಬಂತು.

ಬಂದ ಇಬ್ಬರೂ ಸಭ್ಯರು. ನಮ್ಮ ಉಪ್ಪಿಟ್ಟನ್ನು ದೂರಿಲ್ಲದೆ ತಿಂದರು. ಹಳೆಯ ಯಂತ್ರಗಳ ಸ್ವಭಾವವನ್ನೆಲ್ಲ ಸಾಹೇಬರೇ ಅವರಿಗೆ ಪರಿಚಯಿಸಿದರು. ಆರು ತಿಂಗಳಿಗೆ ಹೆಡ್ ಆಫೀಸಿನಿಂದ "ಪುನರ್ರಚನೆ" ಎಂಬ ಗಂಭೀರ ಪದವೂ ಅದರ ಕೆಳಗೆ ಕೆಲಸ ಕಳೆದುಕೊಳ್ಳುವವರ ಪಟ್ಟಿಯೂ ಬಂದವು. ಪಟ್ಟಿಯಲ್ಲಿ ಸಾಹೇಬರ ಹೆಸರಿತ್ತು.

ಅವರು ಆಕ್ಷೇಪಣೆ ಬರೆದರು, ಸ್ವಂತಕ್ಕೆ ಬರೆದ ಮೊದಲ ಪತ್ರ. ವಿಚಾರಣೆಗೆ ಹೆಡ್ ಆಫೀಸಿನಿಂದ ಒಬ್ಬ ದೊಡ್ಡವರು ಬಂದರು. ಮ್ಯಾನೇಜರ ಪಕ್ಕದಲ್ಲಿ ಫೈಲು ಹಿಡಿದು ನಾನೂ ಕೂತಿದ್ದೆ. ಈ ಕೆಲಸ ನಾನೇ ಮಾಡಬಲ್ಲೆ, ಇಷ್ಟು ವರ್ಷ ಮಾಡಿದ್ದೂ ನಾನೇ ಎಂದರು ಸಾಹೇಬರು. ದೊಡ್ಡವರು ಸರ್ಕಾರಕ್ಕೆ ಹೋಗಿದ್ದ ಆ ಪತ್ರ ತೆಗೆದು ಮುಂದಿಟ್ಟರು.

"ಇದನ್ನ ಬರೆದಿದ್ದು ನೀವೇ ಅಂತೆ. ಹಂಗಾದ್ರೆ ಸುಳ್ಳು ಬರೆದ್ರಾ?"

ಸಾಹೇಬರು ನನ್ನ ಕಡೆ ತಿರುಗಿದರು. "ಗುಮಾಸ್ತರೇ, ನೀವು ಅಲ್ಲೇ ಇದ್ರಲ್ಲ. ಕೊನೇ ವಾಕ್ಯ ಹೆಂಗೆ ಬಂತು, ಕುರ್ಚಿ ಬಗ್ಗೆ ಏನು ಮಾತಾಯ್ತು, ಹೇಳಿ."

ಪಟ್ಟಿಯ ಎರಡನೇ ಕಂತು ಬರಲಿದೆ ಎಂಬ ಸುದ್ದಿ ಆಫೀಸಿಗೆಲ್ಲ ಗೊತ್ತಿತ್ತು. ಮ್ಯಾನೇಜರು ತಮ್ಮ ಕನ್ನಡಕ ಒರೆಸುತ್ತಿದ್ದರು.

"ಟೈಪ್ ಮಾಡಿದ್ದಷ್ಟೇ ನಾನು ಸಾರ್," ಅಂದೆ. "ಮಾತುಕತೆ ನೆನಪಿಲ್ಲ."

ಸಾಹೇಬರು ಎದ್ದು ಕುರ್ಚಿಯನ್ನು ಮೇಜಿನೊಳಕ್ಕೆ ಸರಿಯಾಗಿ ಸರಿಸಿ ಹೊರಟರು... ಎರಡನೇ ಪಟ್ಟಿ ಬಂದಾಗ ನನ್ನ ಹೆಸರು ಅದರಲ್ಲಿರಲಿಲ್ಲ. ನಿವೃತ್ತಿಯವರೆಗೂ ಅಲ್ಲೇ ಟೈಪು ಮಾಡಿದೆ.

ಅವರು ತೀರಿಹೋದ ಸುದ್ದಿ ಹೋದ ವರ್ಷವೇ ತಿಳಿದಿತ್ತು. ಮಂಡಿನೋವೆಂಬ ನೆಪ ಹೇಳಿ ಹೋಗಿರಲಿಲ್ಲ. ಮೊನ್ನೆ ಭಾನುವಾರ ಶಿಡ್ಲಘಟ್ಟಕ್ಕೆ ಹೋದೆ. ಬಾಗಿಲು ತೆರೆದವಳು ಮಗಳು, ಶಾಲೆಯಲ್ಲಿ ಟೀಚರಂತೆ. ಒಳಗೆ ಕೂರಿಸಿ ಚಹಾ ಕೊಟ್ಟಳು. ಆ ದಿನ ನಾನು ಹೇಳದೆ ಉಳಿದದ್ದನ್ನು, ಒಂದೂ ಬಿಡದೆ, ಅವಳಿಗೆ ಹೇಳಿದೆ.

ಅವಳು ಕೇಳಿದಳು: "ಅವತ್ತು ನೀವು ಹೇಳಿದ್ದಿದ್ರೆ ನಮ್ಮ ಅಬ್ಬಾನ ಕೆಲಸ ಉಳೀತಿತ್ತಾ ಅಂಕಲ್?"

ಖಂಡಿತ ಉಳಿಯುತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಅವಳೆದುರು ಆ ಮಾತು ಬಾಯಿಗೆ ಬರಲಿಲ್ಲ.

"ಗೊತ್ತಿಲ್ಲಮ್ಮ," ಅಂದೆ.