ಮಾವನ ಎರಡು ಸ್ಕ್ರೂ

ನನ್ನ ಮಾವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಸೀಳಿನೊಳಗೆ ಒಂದು ಕೆಂಪು ಗೆರೆ. ರಕ್ತವಲ್ಲ, ಮೆಣಸಿನ ಪುಡಿ. ಎಷ್ಟು ಸಾಬೂನು ಹಾಕಿ ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. ಉಗುರು ಸೀಳಿದ್ದು ಮಾತ್ರ ಗೋದಾಮಿನ ಕೆಲಸದಿಂದಲ್ಲ, ಸ್ಕ್ರೂಡ್ರೈವರ್ ಪಕ್ಕದಲ್ಲೇ ಇದ್ದರೂ ಉಗುರಿನಲ್ಲೇ ಸ್ಕ್ರೂ ತಿರುಗಿಸುವ ಹಟದಿಂದ.

ಮಾವ ಎಂದರೆ ಅಮ್ಮನ ಅಣ್ಣ. ನಮ್ಮಲ್ಲಿ ಮನೆ ತಾಯಿಯ ಕಡೆಯದು, ಅದನ್ನು ನಡೆಸುವ ಯಜಮಾನನೂ ತಾಯಿಯ ಕಡೆಯ ಗಂಡಸೇ. ಎಪ್ಪತ್ತರ ದಶಕದ ಮೊದಲಲ್ಲಿ ದೊಡ್ಡ ಮಾವ ತೀರಿಕೊಂಡಾಗ ಇವರಿಗೆ ತಂತಿ ಹೋಯಿತು. ಇವರು ಬೊಂಬಾಯಿಯ ರೇಡಿಯೋ ಅಂಗಡಿಯೊಂದರಲ್ಲಿ ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡಿಕೊಂಡು ಸುಖವಾಗಿದ್ದವರು. ಊರಿನ ಬಂದರಿನಲ್ಲಿದ್ದ ನಮ್ಮ ಮೆಣಸಿನ ಗೋದಾಮು ನೋಡಿಕೊಳ್ಳಲು ಒಂದು ತಿಂಗಳ ಮಟ್ಟಿಗೆ ಎಂದು ಬಂದರು. ಚೋರ್ ಬಜಾರಿನಲ್ಲಿ ಕೆಟ್ಟದ್ದನ್ನು ಕೊಂಡು ತಾವೇ ಸರಿಮಾಡಿದ್ದ ವಿಲಾಯತಿ ಪ್ಲೇಯರನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರಂತೆ.

ಕೆಳಗೆ ಗೋದಾಮು, ಮೇಲೆ ಮನೆ. ಮನೆಯೊಳಗೆ ಸೀನದವರು ಯಾರೂ ಇರಲಿಲ್ಲ. ನೆಂಟರು ಬಂದರೆ ಮೊದಲು ಅಳುತ್ತಿದ್ದರು, ಆಮೇಲೆ ಕ್ಷೇಮ ಸಮಾಚಾರ. ಅಂಥ ಮನೆಯಲ್ಲಿ ಮಾವ ಸಂಜೆ ಗೋದಾಮಿನ ಬಾಗಿಲು ಹಾಕಿ, ಸ್ನಾನ ಮಾಡಿ, ಒಗೆದ ಬನಿಯನ್ ತೊಟ್ಟು ತಮ್ಮ ಕೋಣೆಗೆ ಹೋಗುತ್ತಿದ್ದರು. ಮೆಣಸಿನ ಧೂಳು ರೆಕಾರ್ಡಿನ ಗೀರಿಗೆ ಹೋದರೆ ಸೂಜಿಗೆ ಕೇಡು ಎಂದು ಕಿಟಕಿಗಳನ್ನೆಲ್ಲ ಮುಚ್ಚಬೇಕು. ಫ್ಯಾನ್ ಹಾಕುವ ಹಾಗಿಲ್ಲ. ಬೇಸಿಗೆಯಲ್ಲಿ ಆ ಕೋಣೆ ಬಾಣಲೆ. ನನ್ನೊಬ್ಬಳಿಗೆ ಒಳಗೆ ಪ್ರವೇಶ, ಅದೂ ಕೈಕಾಲು ತೊಳೆದಿದ್ದರೆ.

ಆ ಪ್ಲೇಯರಿನ ತಿರುಗುವ ತಟ್ಟೆಯ ಕೆಳಗಿನ ಹಲಗೆ ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ. ನೆಲ ಅದುರಿದರೂ ಸೂಜಿಗೆ ತಾಗಬಾರದು ಎಂದು. ದೂರಕ್ಕೆ ಸಾಗಿಸುವಾಗ ಮಾತ್ರ ಎರಡು ಸ್ಕ್ರೂಗಳಿಂದ ಹಲಗೆಯನ್ನು ಬಿಗಿಯಬೇಕು, ಇಲ್ಲವಾದರೆ ಕುಲುಕಾಟಕ್ಕೆ ಎಲ್ಲ ಕಳಚಿಹೋಗುತ್ತದೆ. ಮಾವ ದಿನಾ ಸಂಜೆ ಆ ಎರಡನ್ನು ಉಗುರಿನಲ್ಲಿ ಸಡಿಲಿಸುವುದು, ರೆಕಾರ್ಡಿನ ಒಂದು ಬದಿ ಕೇಳುವುದು, ಮತ್ತೆ ಬಿಗಿಯುವುದು.

"ದಿನಾ ಯಾಕೆ ಬಿಗಿಯುವುದು ಮಾವ?" ಎಂದು ಕೇಳಿದ್ದೆ.

"ಹೋಗ್ಲಿಕ್ಕೆ ಉಂಟಲ್ಲ ಮಗಾ. ಬರುವ ತಿಂಗಳು."

ಬರುವ ತಿಂಗಳು ಬರುತ್ತಲೇ ಇತ್ತು. ಅಜ್ಜಿ ಅವರನ್ನು ಒಂದು ದಿನವೂ ತಡೆದವಳಲ್ಲ. "ಹೋಗು ಮಾರಾಯ, ಬೇಡ ಅಂತ ಯಾರು ಹೇಳಿದ್ದು?" ಎಂದು ವೀಳ್ಯದೆಲೆಗೆ ಸುಣ್ಣ ಸವರುತ್ತಾ ಹೇಳುವಳು. "ಲಾರಿ ಬಂದರೆ ನಾನು ಎಂತ ಮಾಡುವುದು ಅಂತ ಮಾತ್ರ ಹೇಳಿ ಹೋಗು." ಚಿಕ್ಕಮ್ಮನ ಮದುವೆಯಾಗಲಿ ಎಂದರು ಮಾವ, ಆಯಿತು. ಅವಳ ಬಾಣಂತನ ಮುಗಿಯಲಿ ಎಂದರು, ಅದೂ ಮುಗಿಯಿತು. ಬೈದು ತಡೆದಿದ್ದರೆ ಅವರು ಜಗಳವಾಡಿ ಹೋಗುತ್ತಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ. ಪ್ರೀತಿಯಿಂದ ಬಡಿಸಿ ಬಡಿಸಿ ಕೂರಿಸಿದರೆ ಎದ್ದು ಹೋಗುವುದು ಹೇಗೆ?

ಅಷ್ಟರಲ್ಲಿ ಅವರ ಬೊಂಬಾಯಿ ಅಂಗಡಿಯ ಧಣಿ ಊರಿನ ಮದುವೆಗೆಂದು ಬಂದವರು ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಚೆನ್ನಾಗಿ ಸೀನಿ, ಕಣ್ಣೊರೆಸಿಕೊಂಡು, ಕೋಣೆಗೆ ಹೋಗಿ ಪ್ಲೇಯರ್ ನೋಡಿದರು.

"ಎಂತದು ಇದು? ಮನೆಯೊಳಗೆ ಬಿಗಿದು ಇಟ್ಟಿದ್ದೀಯ? ಸ್ಪ್ರಿಂಗ್ ಕುಗ್ಗಿ ಹೋಗ್ತದೆ ಮಾರಾಯ! ಹೋಗುವವ ಹೋಗುವ ದಿನ ಬಿಗಿದರೆ ಸಾಕು."

ಮಾವ ನಕ್ಕರು. ಧಣಿ ದುಬೈಯಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದರು, ಪ್ಲೇಯರ್, ಆಂಪ್ಲಿಫೈಯರ್ ಬಲ್ಲ ಒಬ್ಬ ಬೇಕಿತ್ತು. "ನೀನೇ ಬಾ" ಎಂದರು. ಮಾವನ ಮುಖ ಹಾಗೆ ಬೆಳಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಜ್ಜಿ ಚಹಾ ತಂದಿಟ್ಟಳು. "ಒಳ್ಳೆದಾಯಿತು" ಎಂದಳು. ಲೋಟವನ್ನು ಮಾವನ ಕಡೆ ಸರಿಸಿದಳು. "ನಿನ್ನ ತಮ್ಮ, ನಮ್ಮ ಸಣ್ಣವ, ಕೆಲಸ ಇಲ್ಲದೆ ತಿರುಗುತ್ತಾನೆ. ನೀನು ಕಲಿಸಿದರೆ ಅವನೇ ಹೋಗಬಹುದಲ್ಲ? ನೀನು ಇದ್ದರೆ ಮನೆಯೂ ನಡೆದೀತು."

ಮಾವ ಚಹಾ ಕುಡಿದು ಲೋಟ ಕೆಳಗಿಟ್ಟು, "ಆಯಿತು" ಎಂದರು. ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಾವನ ಮೇಲೂ ಬಂತು. ಮುಂದಿನ ವಾರಗಳಲ್ಲಿ ಅವರು ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ವಯರ್ ಬೆಸೆಯುವುದು, ಸವೆದ ಸೂಜಿಯನ್ನು ಕಿವಿಯಲ್ಲೇ ಗುರುತಿಸುವುದು, ಗಟ್ಟಿಯಾದ ರಬ್ಬರ್ ಚಕ್ರವನ್ನು ಉಜ್ಜಿ ಹದ ಮಾಡುವುದು, ಎಲ್ಲ ಕಲಿಸಿದರು. ಸಣ್ಣ ಮಾವ ಆಕಳಿಸುತ್ತಾ ಕಲಿತು ದುಬೈಗೆ ಹೊರಟ.

ಅವನನ್ನು ಬಸ್ಸು ಹತ್ತಿಸಿ ಬಂದ ಸಂಜೆ ಮಾವ ಎಂದಿನಂತೆ ರೆಕಾರ್ಡ್ ಕೇಳಿದರು. ಮುಗಿದ ಮೇಲೆ ಸ್ಕ್ರೂ ಬಿಗಿಯದೆ ಎದ್ದುಹೋದರು. ಮಾರನೆಯ ದಿನ ಅವೆರಡನ್ನು ಪೂರ್ತಿ ಕಳಚಿ ಗೋದಾಮಿಗೆ ಒಯ್ದರು. ದೊಡ್ಡ ತಕ್ಕಡಿಯ ಹಲಗೆಯೊಂದಕ್ಕೆ ಹೊಡೆದ ಕಬ್ಬಿಣದ ಪಟ್ಟಿ ಸಡಿಲವಾಗಿತ್ತು. ಎರಡನ್ನೂ ಅದಕ್ಕೆ ತೂರಿಸಿ, ನಟ್ಟು ಹಾಕಿ ಬಿಗಿದರು. ನಾನು ಮೆಟ್ಟಿಲಲ್ಲಿ ನಿಂತು ನೋಡಿದೆ. ಅವರು ಸತ್ತ ದಿನ ಕೂಡ ನನಗೆ ಅಷ್ಟು ಸಂಕಟವಾಗಿಲ್ಲ.

ಎಂಬತ್ತರ ದಶಕದಲ್ಲಿ ನನಗೆ ಬ್ಯಾಂಕಿನ ಕೆಲಸ ಸಿಕ್ಕಿ ಬಳ್ಳಾರಿಗೆ ಹಾಕಿದರು. ಅಜ್ಜಿಗೆ ಕಣ್ಣು ಮಂಜಾಗಿತ್ತು, ಎಲೆಗೆ ಸುಣ್ಣ ಮಾತ್ರ ತಪ್ಪದೆ ಸವರುತ್ತಿದ್ದಳು. "ಹೋಗು ಮಗಾ, ಬೇಡ ಅಂತ ಯಾರು ಹೇಳಿದ್ದು?" ಎಂದಳು. "ನಿನ್ನ ಅಮ್ಮನಿಗೆ ಮಂಡಿನೋವು, ಅಷ್ಟೇ. ಮಳೆಗಾಲ ಒಂದು ಕಳೆಯಲಿ."

ನಾನು ತಲೆಯಾಡಿಸುವವಳಿದ್ದೆ. ಬಾಯಿಯವರೆಗೆ ಬಂದಿತ್ತು, ಆಯಿತು ಎಂಬ ಮಾತು.

"ಅವಳು ಹೋಗ್ತಾಳೆ," ಎಂದರು ಮಾವ ಬಾಗಿಲಿನಿಂದ. ಅಜ್ಜಿಯ ಎದುರು ಅವರು ಸ್ವರ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇವತ್ತೇ ಹೋಗ್ತಾಳೆ. ಲಾರಿ ಬರಲಿ, ಹಡಗೇ ಬರಲಿ, ನಾನು ಇದ್ದೇನಲ್ಲ, ಇನ್ನು ಎಷ್ಟು ಜನ ಬೇಕು ನಿಮಗೆ?"

ಸೀರೆಗಳನ್ನು ಮಡಚಲೂ ಬಿಡಲಿಲ್ಲ. ನಾನು ಪೆಟ್ಟಿಗೆ ತುಂಬುತ್ತಿದ್ದಾಗ ಅವರು ಕೆಳಗೆ ಹೋಗಿ ಬಂದರು. ಕೈಯಲ್ಲಿ ಆ ಎರಡು ಸ್ಕ್ರೂ, ಮೆಣಸಿನ ಪುಡಿ ಹಿಡಿದು ಕೆಂಪಾಗಿದ್ದವು. ಬನಿಯನ್ನಿನ ಅಂಚಿನಿಂದ ಒರೆಸಿ, ಪ್ಲೇಯರಿಗೆ ಹಾಕಿ, ಒಡೆದ ಉಗುರಿನಲ್ಲೇ ಕೊನೆಯ ಸುತ್ತಿನ ತನಕ ಬಿಗಿದರು.

"ನಿಮಗೆ ಕೇಳ್ಲಿಕ್ಕೆ ಮಾವ?"

"ನನಗೆ ಎಲ್ಲ ಬಾಯಿಪಾಠ ಉಂಟು." ಬಸ್ಸಿನಲ್ಲಿ ಪ್ಲೇಯರನ್ನು ನನ್ನ ತೊಡೆಯ ಮೇಲೆ ಅವರೇ ಇಟ್ಟರು. "ಬಳ್ಳಾರಿ ಮುಟ್ಟಿದ ಕೂಡಲೇ ಸಡಿಲ ಮಾಡು. ಬಿಗಿದು ಇಡಬೇಡ ಮಗಾ, ಕೇಳ್ತಾ?"

ಬಳ್ಳಾರಿಯಿಂದ ಮೊದಲಾಗಿ ಎಷ್ಟೋ ಊರಿಗೆ ವರ್ಗವಾಯಿತು. ಎಲ್ಲಿಗೆ ಹೋದರೂ ಸಾಮಾನು ಬಿಚ್ಚುವ ಮೊದಲು ಆ ಎರಡು ಸ್ಕ್ರೂ ಸಡಿಲಿಸುತ್ತೇನೆ. ನನ್ನ ಬದುಕು ನನ್ನದಾಗಿದ್ದರೆ ಅದು ಅವರು ಕೊಟ್ಟದ್ದು.

ಮಾವ ಹೆಚ್ಚು ಕಾಲ ಬದುಕಲಿಲ್ಲ. ಸುದ್ದಿ ತಿಳಿದು ಬಂದವಳು ಮೇಲೆ ಹತ್ತುವ ಮೊದಲು ಗೋದಾಮಿಗೆ ಹೋದೆ. ತಕ್ಕಡಿಯ ಆ ಪಟ್ಟಿಗೆ ಬೇರೆ ಸ್ಕ್ರೂ ಹಾಕಿರಲಿಲ್ಲ. ತೆಂಗಿನ ನಾರಿನ ಹಗ್ಗ ಸುತ್ತಿ ಕಟ್ಟಿ, ಅಷ್ಟು ಕಾಲವೂ ಅದರಲ್ಲೇ ತೂಗುತ್ತಿದ್ದರು.